ಸೇವೆಯ ಪುಸ್ತಕ ಬೇರೆ, ತಪ್ಪಿನ ಪುಸ್ತಕ ಬೇರೆ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಮನೆಯವರ ವಿಷಯದಲ್ಲಿ ಇದು ಸರಿಯಿರಬಹುದು. ನಮ್ಮನ್ನು ಆಳಿ ಹೋದವರ ವಿಷಯದಲ್ಲಿ ಸರಿಯಲ್ಲ. ಆಳಿದವರು ಬಿಟ್ಟುಹೋದ ಕಾನೂನು, ಆಸ್ಪತ್ರೆ, ಬ್ಯಾಂಕು, ಪೊಲೀಸು ಎಲ್ಲವೂ ನಮ್ಮ ಬೆನ್ನ ಹಿಂದೆ ಇನ್ನೂ ಇವೆ. ಅವರು ಮಾಡಿದ ಒಳ್ಳೆಯದನ್ನು ನಾವು ಉಣ್ಣುತ್ತಿದ್ದೇವೆ, ಅವರು ಮಾಡಿದ ತಪ್ಪಿಗೆ ನಾವು ಬಡ್ಡಿ ಕಟ್ಟುತ್ತಿದ್ದೇವೆ. ಲೆಕ್ಕ ಕೇಳುವ ಹಕ್ಕು ನಮಗಿದೆ.

ನಾನು ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿಯವಳು. ಕೆಮ್ಮಣ್ಣುಗುಂಡಿಗೆ ಹೋಗುವ ದಾರಿಯಲ್ಲಿರುವ ಊರು ನಮ್ಮದು. ನಮ್ಮ ಜಿಲ್ಲೆಯ ಹೆಸರು ಒಮ್ಮೆ ದೇಶದ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಯವರನ್ನು 1978ರ ನವೆಂಬರಿನಲ್ಲಿ ಗೆಲ್ಲಿಸಿ ಮತ್ತೆ ಪಾರ್ಲಿಮೆಂಟಿಗೆ ಕಳಿಸಿದ್ದು ಚಿಕ್ಕಮಗಳೂರು. ಡಿ.ಬಿ. ಚಂದ್ರೇಗೌಡರು ತಮ್ಮ ಸ್ಥಾನ ಬಿಟ್ಟುಕೊಟ್ಟರು. ಮುಖ್ಯಮಂತ್ರಿ ದೇವರಾಜ ಅರಸು ಮುಂದೆ ನಿಂತು ಚುನಾವಣೆ ನಡೆಸಿದರು. ಎದುರಿಗೆ ನಿಂತಿದ್ದವರು ವೀರೇಂದ್ರ ಪಾಟೀಲರು. ಇಂದಿರಾ ಗಾಂಧಿ ಸುಮಾರು 77 ಸಾವಿರ ಮತಗಳ ಅಂತರದಲ್ಲಿ ಗೆದ್ದರು. ನಮ್ಮ ಕಡೆಯ ಹಿರಿಯ ಹೆಂಗಸರು ಇಂದಿಗೂ ಅವರನ್ನು ಇಂದಿರಮ್ಮ ಎಂದೇ ಕರೆಯುತ್ತಾರೆ.

ಈ ಇಂದಿರಮ್ಮನೇ 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಹೇರಿದವರು. ಅದು 1977ರ ಮಾರ್ಚ್ 21ರವರೆಗೆ, ಇಪ್ಪತ್ತೊಂದು ತಿಂಗಳು ನಡೆಯಿತು. 2024ರಲ್ಲಿ ಕೇಂದ್ರ ಸರ್ಕಾರ ಜೂನ್ 25ನ್ನು ಸಂವಿಧಾನ ಹತ್ಯಾ ದಿನ ಎಂದು ಘೋಷಿಸಿತು. ಅಕ್ಟೋಬರ್ 31 ಬಂದರೆ ಇನ್ನೊಂದು ಪಕ್ಷದವರು ಫೋಟೋಗೆ ಹಾರ ಹಾಕಿ ಬಲಿದಾನದ ಮಾತಾಡುತ್ತಾರೆ. ಒಬ್ಬರ ಬಾಯಲ್ಲಿ ಬರೀ ತಪ್ಪು, ಇನ್ನೊಬ್ಬರ ಬಾಯಲ್ಲಿ ಬರೀ ಸೇವೆ. ಎರಡೂ ಕಡೆಯವರಿಗೆ ನಮ್ಮ ಓಟು ಬೇಕು. ಈ ಲೆಕ್ಕವನ್ನು ಹೆಂಗಸರು ಹೇಗೆ ನೋಡಬೇಕು ಎಂದು ಕೇಳುವವರು ಯಾರೂ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವರದಕ್ಷಿಣೆ, ಹೊಡೆತ ಬಡಿತದ ವಿಷಯ ಬರೆಯುವ ಪತ್ರಿಕೆಯಲ್ಲಿ ಈ ಹಳೆಯ ರಾಜಕೀಯ ಯಾಕೆ ಎಂದು ನೀವು ಕೇಳಬಹುದು. ಕಾರಣವಿದೆ. ದೊಡ್ಡವರ ತಪ್ಪನ್ನು ತೂಗಲು ದೇಶ ಹಿಡಿಯುವ ತಕ್ಕಡಿಯನ್ನೇ ನಮ್ಮ ಊರಿನ ಪಂಚಾಯ್ತಿಕಟ್ಟೆಯಲ್ಲಿ ಗಂಡನ ತಪ್ಪು ತೂಗಲೂ ಹಿಡಿಯುತ್ತಾರೆ. "ಒಳ್ಳೆ ಮನುಷ್ಯ ಕಣಮ್ಮ, ಕುಡಿಯಲ್ಲ, ದುಡಿದು ತಂದು ಹಾಕ್ತಾನೆ, ಏನೋ ಸಿಟ್ಟಲ್ಲಿ ಒಂದು ಕೈ ಎತ್ತಿದ, ಅಷ್ಟಕ್ಕೇ ಸಂಸಾರ ಒಡ್ಕೊಳ್ತೀಯಾ?" ಈ ಮಾತನ್ನು ಕೇಳದ ಸಂಘ ಯಾವುದಿದೆ ಹೇಳಿ? ದುಡಿಮೆಯನ್ನು ಒಂದು ತಟ್ಟೆಗೆ ಹಾಕುತ್ತಾರೆ, ಏಟನ್ನು ಇನ್ನೊಂದು ತಟ್ಟೆಗೆ ಹಾಕುತ್ತಾರೆ. ದುಡಿಮೆಯ ತಟ್ಟೆ ಕೆಳಗಿಳಿಯಿತು ನೋಡು ಎಂದು ತೋರಿಸುತ್ತಾರೆ. ಏಟು ಮಾಯವಾಗುತ್ತದೆ, ಹೆಣ್ಣಿನ ಬೆನ್ನಿನ ಬಾಸುಂಡೆ ಮಾತ್ರ ಹಾಗೇ ಇರುತ್ತದೆ.

ಈ ತಕ್ಕಡಿಯೇ ಸರಿಯಿಲ್ಲ ಎನ್ನುವುದು ನನ್ನ ವಾದ. ನಮ್ಮ ಸಂಘದಲ್ಲಿ ಉಳಿತಾಯದ ಪುಸ್ತಕ ಬೇರೆ, ಸಾಲದ ಪುಸ್ತಕ ಬೇರೆ ಇಟ್ಟಿದ್ದೇವೆ. ಒಬ್ಬಾಕೆ ಹತ್ತು ವರ್ಷ ಒಂದು ವಾರವೂ ತಪ್ಪದೆ ಉಳಿತಾಯ ಕಟ್ಟಿದ್ದಾಳೆಂದು ಅವಳ ಸಾಲವನ್ನು ಬರೆಯದೆ ಬಿಡುತ್ತೇವೆಯೇ? ಇಲ್ಲ. ಅವಳ ಸಾಲ ಬಾಕಿ ಇದೆಯೆಂದು ಅವಳು ಕಟ್ಟಿದ ಉಳಿತಾಯದ ಹಾಳೆ ಹರಿಯುತ್ತೇವೆಯೇ? ಅದೂ ಇಲ್ಲ. ಎರಡನ್ನೂ ಬರೆಯುತ್ತೇವೆ, ಎರಡಕ್ಕೂ ಸಹಿ ಹಾಕಿಸುತ್ತೇವೆ. ಅಕ್ಷರ ಬಾರದ ಹೆಂಗಸರೂ ಈ ಲೆಕ್ಕ ಇಪ್ಪತ್ತು ವರ್ಷದಿಂದ ಇಟ್ಟುಕೊಂಡು ಬಂದಿದ್ದಾರೆ. ದೇಶದ ಪಂಡಿತರಿಗೆ ಇದು ಯಾಕೆ ಕಷ್ಟವಾಗಬೇಕು?

ಮೊದಲು ಸೇವೆಯ ಪುಸ್ತಕ ತೆರೆಯೋಣ. ಕೊಟ್ಟದ್ದನ್ನು ಮುಚ್ಚಿಡುವ ಬುದ್ಧಿ ನಮಗೆ ಬೇಡ.

1969ರ ಜುಲೈ 19ರಂದು ಇಂದಿರಾ ಗಾಂಧಿ 14 ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. ನಮ್ಮ ನಾಡಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು ಅದರಲ್ಲಿದ್ದವು. ಅಲ್ಲಿಂದ ಮುಂದೆ ಬ್ಯಾಂಕು ಹಳ್ಳಿಯ ಕಡೆ ಹೆಜ್ಜೆ ಇಟ್ಟಿತು. ಗ್ರಾಮೀಣ ಬ್ಯಾಂಕುಗಳು ಶುರುವಾದದ್ದು 1975ರ ಅಕ್ಟೋಬರ್ 2ರಂದು. 1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಆರಂಭಿಸಿದಾಗ, ಜೋಡಿಸಲು ಹಳ್ಳಿಯ ಹತ್ತಿರ ಒಂದು ಶಾಖೆಯಾದರೂ ಇತ್ತು. ಇಂದು ನಾವು ಬ್ಯಾಂಕಿನ ಮ್ಯಾನೇಜರ ಎದುರು ಕುರ್ಚಿಯಲ್ಲಿ ಕೂತು ಸಾಲ ಕೇಳುತ್ತೇವಲ್ಲ, ಆ ಕುರ್ಚಿಯ ಒಂದು ಕಾಲು 1969ರದು.

1971ರಲ್ಲಿ ಅವರ ಸರ್ಕಾರ ಮಹಿಳೆಯರ ಸ್ಥಾನಮಾನ ಅಧ್ಯಯನಕ್ಕೆ ಫೂಲ್‌ರೇಣು ಗುಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಸ್ವಾತಂತ್ರ್ಯ ಬಂದ ಮೇಲೆ ಹೆಂಗಸರ ಸ್ಥಿತಿ ಎಷ್ಟೋ ವಿಷಯಗಳಲ್ಲಿ ಹಿಂದೆ ಸರಿದಿದೆ ಎಂದು ಆ ಸಮಿತಿ ಮುಚ್ಚುಮರೆಯಿಲ್ಲದೆ ಬರೆಯಿತು. 1976ರಲ್ಲಿ ಸಮಾನ ವೇತನ ಕಾಯಿದೆ ಬಂತು. ಅದೇ ವರ್ಷ ಜೀತ ಪದ್ಧತಿ ರದ್ದಾಯಿತು. ತೋಟದಲ್ಲಿ, ಗದ್ದೆಯಲ್ಲಿ ಗಂಡಾಳಿಗೊಂದು ಹೆಣ್ಣಾಳಿಗೊಂದು ಕೂಲಿ ಇಂದಿಗೂ ನಡೆಯುತ್ತಿದೆ, ನಿಜ. ಆದರೆ ಅದು ಕಾನೂನಿಗೆ ವಿರುದ್ಧ ಎಂದು ಎದೆಯೆತ್ತಿ ಹೇಳಲು ಆಧಾರ ಸಿಕ್ಕಿದ್ದು ಆಗ.

ಕೊನೆಯದಾಗಿ 1983. ಆ ವರ್ಷ ಇಂಡಿಯನ್ ಪೀನಲ್ ಕೋಡಿಗೆ 498-ಎ ಸೇರಿತು. ಗಂಡ ಅಥವಾ ಗಂಡನ ಮನೆಯವರು ಕೊಡುವ ಹಿಂಸೆ ಅಪರಾಧ ಎಂದು ಮೊದಲ ಬಾರಿಗೆ ಈ ದೇಶದ ಕಾನೂನು ಹೆಸರಿಟ್ಟು ಹೇಳಿತು. 1984ರಲ್ಲಿ ವರದಕ್ಷಿಣೆ ನಿಷೇಧ ಕಾಯಿದೆಗೆ ಹಲ್ಲು ಕೂಡಿಸಿದರು. 1961ರಲ್ಲಿ ಬಂದಾಗ ಆ ಕಾಯಿದೆ ಬೊಚ್ಚುಬಾಯಿಯದಾಗಿತ್ತು. ಅದೇ ವರ್ಷ ಕುಟುಂಬ ನ್ಯಾಯಾಲಯಗಳ ಕಾಯಿದೆಯೂ ಬಂತು. 2024ರ ಜುಲೈ 1ರಿಂದ ಹಳೆಯ 498-ಎ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ 85 ಮತ್ತು 86ನೇ ಕಲಮುಗಳಾಗಿ ಮುಂದುವರಿದಿದೆ. ನಂಬರು ಬದಲಾಗಿದೆ, ಅಪರಾಧ ಬದಲಾಗಿಲ್ಲ.

ಇಷ್ಟನ್ನೂ ಸೇವೆಯ ಪುಸ್ತಕದಲ್ಲಿ ಬರೆದುಕೊಳ್ಳಿ. ಒಂದು ಸಾಲನ್ನೂ ಹೊಡೆದು ಹಾಕಬೇಡಿ.

ಈಗ ಇನ್ನೊಂದು ಪುಸ್ತಕ.

ಇಪ್ಪತ್ತೊಂದು ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವಿಚಾರಣೆಯಿಲ್ಲದೆ ಜೈಲಿಗೆ ಹಾಕಿದರು. ಪತ್ರಿಕೆಗಳ ಬಾಯಿಗೆ ಬೀಗ ಬಿತ್ತು. ಮೊದಲ ಬೆಳಗಿನಲ್ಲೇ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮುಂತಾದವರನ್ನು ಹಿಡಿದು ಬೆಂಗಳೂರು ಜೈಲಿಗೆ ಕಳಿಸಿದರು. ಅವರು ದೊಡ್ಡ ನಾಯಕರು, ಹೊರಗೆ ಬಂದು ಮಂತ್ರಿಗಳಾದರು. ಅದೇ ಜೈಲಿಗೆ ಹೋದ ಒಬ್ಬ ಹೆಣ್ಣುಮಗಳ ಕತೆ ಬೇರೆ. 1970ರ 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿದರು. ಆಕೆಗೆ ಉಬ್ಬಸದ ಕಾಯಿಲೆ ಇತ್ತು. ಎಂಟು ತಿಂಗಳು ಒಳಗಿಟ್ಟರು. ಸರಿಯಾದ ಚಿಕಿತ್ಸೆಯಿಲ್ಲದೆ ಜೀವ ಸವೆಸಿ, ಉಳಿಯಲಾರರು ಎನ್ನುವಾಗ ಪೆರೋಲಿನ ಮೇಲೆ ಬಿಟ್ಟರು. ಬಿಟ್ಟ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ಆಕೆ ತೀರಿಕೊಂಡರು. ದೇಶವನ್ನು ಒಬ್ಬ ಹೆಣ್ಣು ಆಳುತ್ತಿದ್ದ ಕಾಲದಲ್ಲಿ ಇನ್ನೊಬ್ಬ ಹೆಣ್ಣು ಹೀಗೆ ಹೋದಳು.

ಜೈಲಿಗೆ ಹಾಕಿದವರನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿಯೊಂದಿದೆ, ಹೇಬಿಯಸ್ ಕಾರ್ಪಸ್ ಎನ್ನುತ್ತಾರೆ. ನಮಗೆ ಅದು ದೂರದ ಮಾತಲ್ಲ. ಅತ್ತೆಮನೆಯಲ್ಲಿ ಕೂಡಿಹಾಕಿದ ಸೊಸೆಯನ್ನೂ ತವರಿನಲ್ಲಿ ಕೂಡಿಹಾಕಿದ ಮಗಳನ್ನೂ ಹೊರತರಲು ವಕೀಲರು ಹಾಕುವುದು ಅದೇ ಅರ್ಜಿ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಬಂಧಿಸಿಟ್ಟವರು ಈ ಅರ್ಜಿಯನ್ನು ಹಾಕುವ ಹಾಗಿಲ್ಲ ಎಂದು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಾಧೀಶರು ತೀರ್ಪು ಕೊಟ್ಟರು. ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪು ತಪ್ಪು ಎಂದು ಸುಪ್ರೀಂ ಕೋರ್ಟೇ ಹೇಳಲು 2017ರ ಆಗಸ್ಟ್ 24 ಬರಬೇಕಾಯಿತು. ಹಾಗೆ ಹೇಳಿದ್ದು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಖಾಸಗಿತನದ ಹಕ್ಕಿನ ದಾವೆಯಲ್ಲಿ.

ಇನ್ನು ಸಂತಾನಹರಣ. ಷಾ ಆಯೋಗದ ವರದಿಯ ಪ್ರಕಾರ 1976-77ರ ಒಂದೇ ವರ್ಷ 81 ಲಕ್ಷಕ್ಕೂ ಹೆಚ್ಚು ಆಪರೇಷನ್ ಆದವು. ಸರ್ಕಾರವೇ ಹಾಕಿಕೊಂಡಿದ್ದ ಗುರಿ 43 ಲಕ್ಷ. ಆಪರೇಷನ್ನಿಗೆ ಸಂಬಂಧಿಸಿದ 1,774 ಸಾವುಗಳು ಆ ವರದಿಯಲ್ಲಿ ದಾಖಲಾಗಿವೆ. ಮದುವೆಯೇ ಆಗದವರನ್ನೂ ಹಿಡಿದು ಕತ್ತರಿ ಹಾಕಿದ ದೂರುಗಳಿವೆ. ಸಂಬಳ ತಡೆದು, ಪಡಿತರ ತಡೆದು, ಪೊಲೀಸರನ್ನು ಕಳಿಸಿ ಮಾಡಿಸಿದ ಕೆಲಸ ಇದು. ಒಂದು ವಿಚಿತ್ರ ನೋಡಿ: ಇದರ ಮುಂದಾಳಾಗಿದ್ದ ಸಂಜಯ ಗಾಂಧಿಯವರ ಐದು ಅಂಶಗಳ ಕಾರ್ಯಕ್ರಮದಲ್ಲಿ ವರದಕ್ಷಿಣೆ ತೊಲಗಿಸುವುದೂ ಒಂದು ಅಂಶ! ವರದಕ್ಷಿಣೆ ಬೇಡ ಎಂದು ಗೋಡೆಯ ಮೇಲೆ ಬರೆಸಿದ ಕೈಯೇ ಬಡವರನ್ನು ಲಾರಿಗೆ ತುಂಬಿಸಿತು. ಒಳ್ಳೆಯ ಮಾತು ಬರೆದ ಕೈ ಒಳ್ಳೆಯದೇ ಆಗಬೇಕೆಂದಿಲ್ಲ.

ಆ ತಪ್ಪಿನ ಬಡ್ಡಿಯನ್ನು ಯಾರು ಕಟ್ಟಿದರು ಗೊತ್ತೇ? ನಾವು. 1976-77ರಲ್ಲಿ ಆಪರೇಷನ್ ಆದವರಲ್ಲಿ ಹೆಚ್ಚಿನವರು ಗಂಡಸರು. ಗಂಡಸರು ಸಿಟ್ಟಾದರು, ಓಟು ಹೋಯಿತು, ಸರ್ಕಾರ ಬಿತ್ತು. ಮುಂದೆ ಬಂದ ಸರ್ಕಾರಗಳೆಲ್ಲ ಪಾಠ ಕಲಿತವು. ಏನು ಪಾಠ? ಬಲವಂತ ಮಾಡಬಾರದು ಎಂದಲ್ಲ, ಗಂಡಸರ ತಂಟೆಗೆ ಹೋಗಬಾರದು ಎಂದು! ಕತ್ತರಿ ಹೆಂಗಸಿನ ಹೊಟ್ಟೆಗೆ ತಿರುಗಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 38 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡನೇ ಮಾಡಿಸಿಕೊಂಡ ಮನೆಗಳು ನೂರಕ್ಕೆ ಒಂದೂ ಇಲ್ಲ, ಸಾವಿರಕ್ಕೆ ಮೂರು. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಕ್ಯಾಂಪಿನಲ್ಲಿ ಹತ್ತಕ್ಕೂ ಹೆಚ್ಚು ಬಡ ಹೆಂಗಸರು ಸತ್ತರು. 1976ರ ತಪ್ಪು 1977ಕ್ಕೆ ಮುಗಿಯಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಎರಡು ಪುಸ್ತಕಗಳೂ ಈಗ ನಮ್ಮ ಮುಂದಿವೆ. ಇವನ್ನು ಮುಂದಿಟ್ಟುಕೊಂಡು ನಮ್ಮ ಕಿವಿಗೆ ಬೀಳುವ ಮಾತುಗಳಿಗೆ ಒಂದೊಂದಾಗಿ ಉತ್ತರ ಹೇಳುತ್ತೇನೆ.

ಮೊದಲನೆಯ ಮಾತು: "ಅಷ್ಟು ಮಾಡಿದವರು, ಒಂದು ತಪ್ಪು ಮಾಡಿದ್ದಾರೆ ಬಿಡಿ." ತಪ್ಪು ಎನ್ನುವ ಪದವನ್ನು ಎಲ್ಲಿ ಬಳಸಬೇಕು? ಕೈಜಾರಿ ಹಾಲಿನ ಪಾತ್ರೆ ಬಿದ್ದರೆ ಅದು ತಪ್ಪು. ಲೆಕ್ಕ ಕೂಡುವಾಗ ಒಂದು ಸೊನ್ನೆ ಬಿಟ್ಟುಹೋದರೆ ಅದು ತಪ್ಪು. ಇಪ್ಪತ್ತೊಂದು ತಿಂಗಳು, ದಿನಾ ಬೆಳಗಾದರೆ ಸಹಿ ಹಾಕಿ ನಡೆಸಿದ್ದನ್ನು ತಪ್ಪು ಎಂದು ಕರೆಯುವುದು ಆ ಪದಕ್ಕೇ ಅವಮಾನ. ಮದುವೆಯಾದ ಲಾಗಾಯ್ತು ಹೊಡೆಯುತ್ತಿರುವ ಗಂಡನೂ ಪಂಚಾಯ್ತಿಯಲ್ಲಿ "ಏನೋ ತಪ್ಪಾಯ್ತು" ಎಂದೇ ಹೇಳುವುದು. ದಿನಾ ಆಗುವುದು ತಪ್ಪಲ್ಲ, ಅದು ಅಧಿಕಾರ ನಡೆಸುವ ರೀತಿ.

ಎರಡನೆಯ ಮಾತು: "ಚಿಕ್ಕಮಗಳೂರಿನ ಜನ ಗೆಲ್ಲಿಸಿದರಲ್ಲ, ಅಲ್ಲಿಗೆ ಕ್ಷಮಿಸಿದ ಹಾಗಾಯಿತು." ಇದು ನಮ್ಮ ಜಿಲ್ಲೆಯ ಮೇಲೆ ಹೊರಿಸಿದ ಮಾತು, ಆದ್ದರಿಂದ ಗಟ್ಟಿಯಾಗಿಯೇ ಉತ್ತರ ಹೇಳುತ್ತೇನೆ. ಇಂದಿರಮ್ಮನಿಗೆ ಓಟು ಹಾಕಿದ ಹೆಂಗಸರನ್ನು ನಾನು ಹಳಿಯುವುದಿಲ್ಲ. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ಸು ನೆಲಕಚ್ಚಿದಾಗಲೂ ಕರ್ನಾಟಕ 28ರಲ್ಲಿ 26 ಸ್ಥಾನ ಕೊಟ್ಟಿತ್ತು. ಸಂತಾನಹರಣದ ಬಲವಂತ ಉತ್ತರದಲ್ಲಿ ಆದಷ್ಟು ಇಲ್ಲಿ ಆಗಿರಲಿಲ್ಲ. ಇಲ್ಲಿ ಜನ ಕಂಡದ್ದು ಅರಸು ಅವರ ಭೂಸುಧಾರಣೆ, ಸಾಲದಿಂದ ಬಿಡುಗಡೆ. ಅವರು ಕಂಡದ್ದಕ್ಕೆ ಅವರು ಓಟು ಹಾಕಿದರು. ಆದರೆ ಕ್ಷಮಿಸುವ ಅಧಿಕಾರ ಅವರಿಗೆ ಯಾರು ಕೊಟ್ಟರು? ದೆಹಲಿಯ ತುರ್ಕಮಾನ್ ಗೇಟಿನಲ್ಲಿ ಮನೆ ಕಳೆದುಕೊಂಡವಳ ಪರವಾಗಿ ತರೀಕೆರೆಯವಳು ಕ್ಷಮಿಸಲು ಆಗುತ್ತದೆಯೇ? ಏಟು ತಿಂದವರು ಕ್ಷಮಿಸಬೇಕು. ಏಟು ತಿನ್ನದವರು ಕ್ಷಮಿಸಿದರೆ ಅದು ಕ್ಷಮೆಯಲ್ಲ, ಧಾರಾಳತನವೂ ಅಲ್ಲ, ಬೇರೆಯವರ ಗಂಟನ್ನು ದಾನ ಮಾಡಿದ ಹಾಗೆ.

ನಮ್ಮ ಕಟ್ಟೆಗಳಲ್ಲಿ ನಡೆಯುವುದೂ ಇದೇ ಅಲ್ಲವೇ? ಒಬ್ಬ ಸದಸ್ಯೆಗೆ ಹಲ್ಲು ಮುರಿಯುವ ಹಾಗೆ ಹೊಡೆದಿದ್ದ ಗಂಡನ ಮೇಲಿನ ರಾಜಿ ಮಾತುಕತೆಗೆ ನಾನು ಹೋಗಿದ್ದೆ. ಅವಳ ಮಾವ ಕ್ಷಮಿಸಿದ, ಅಣ್ಣ ಕ್ಷಮಿಸಿದ, ಊರ ಹಿರಿಯರು ಕ್ಷಮಿಸಿದರು. ಕಾಫಿ ಕುಡಿದು ಎಲ್ಲರೂ ಎದ್ದರು. ಅವಳನ್ನು ಯಾರೂ ಕೇಳಲಿಲ್ಲ. ನಾವು ಮೂವರು ಸಂಘದವರು ಏಳಲಿಲ್ಲ, "ಅವಳು ಹೇಳಲಿ" ಎಂದು ಕೂತೆವು. ಅವಳು ಹೇಳಲು ಬಹಳ ಹೊತ್ತು ತೆಗೆದುಕೊಂಡಳು. ಹೇಳಿದ್ದು ಒಂದೇ ಮಾತು: "ನಾನಿನ್ನೂ ಕ್ಷಮಿಸಿಲ್ಲ." ಆ ಸಭೆಯಲ್ಲಿ ನ್ಯಾಯ ಶುರುವಾದದ್ದು ಆ ಮಾತಿನಿಂದ.

ಮೂರನೆಯ ಮಾತು: "ಅವರು ತಪ್ಪು ಒಪ್ಪಿಕೊಂಡರು." ಒಪ್ಪಿಕೊಂಡದ್ದು ಹೇಗೆ ನೋಡೋಣ. 1978ರ ಜನವರಿಯಲ್ಲಿ ಮಹಾರಾಷ್ಟ್ರದ ಯವತ್ಮಾಳದ ಸಾರ್ವಜನಿಕ ಸಭೆಯಲ್ಲಿ, ಆದ ತಪ್ಪುಗಳಿಗೆ ತಾನೇ ಜವಾಬ್ದಾರಿ ಎಂಬ ಅರ್ಥದ ಮಾತನ್ನು ಇಂದಿರಾ ಗಾಂಧಿ ಆಡಿದರು. ಅದೇ ತಿಂಗಳು ಷಾ ಆಯೋಗದ ಮುಂದೆ ಪ್ರಮಾಣ ಮಾಡಿ ಸಾಕ್ಷ್ಯ ಹೇಳಲು ಅವರು ಒಪ್ಪಲಿಲ್ಲ. ವೇದಿಕೆಯಲ್ಲಿ ಜವಾಬ್ದಾರಿ ನನ್ನದು, ವಿಚಾರಣೆಯಲ್ಲಿ ನಾನು ಹೇಳುವುದಿಲ್ಲ. ಹಿರಿಯರ ಮುಂದೆ ಕೈಮುಗಿದು, ಸ್ಟೇಷನ್ನಿನಲ್ಲಿ ಹೇಳಿಕೆ ಕೊಡಲು ಒಪ್ಪದ ಗಂಡಸರನ್ನು ನಾವು ಎಷ್ಟು ಮಂದಿಯನ್ನು ನೋಡಿಲ್ಲ? ಒಪ್ಪಿಕೊಳ್ಳುವುದು ಎಂದರೆ ಪ್ರಶ್ನೆಗೆ ಉತ್ತರ ಕೊಡುವುದು. ಒಂದು ಮಾತನ್ನು ಮಾತ್ರ ಅವರ ಪರವಾಗಿ ಬರೆದುಕೊಳ್ಳಬೇಕು: 1977ರ ಜನವರಿಯಲ್ಲಿ ಚುನಾವಣೆ ಘೋಷಿಸಿದವರು ಅವರೇ, ಸೋತಾಗ ಕುರ್ಚಿ ಬಿಟ್ಟು ಇಳಿದವರೂ ಅವರೇ. ಅದು ಸಣ್ಣದಲ್ಲ. ಅದನ್ನು ಸೇವೆಯ ಪುಸ್ತಕದಲ್ಲಿ ಬರೆಯೋಣ. ಇನ್ನೊಂದು ಪುಸ್ತಕದ ಸಾಲುಗಳು ಅದರಿಂದ ಅಳಿಯುವುದಿಲ್ಲ.

ನಾಲ್ಕನೆಯ ಮಾತು ಗಂಡಸರದು: "ಹೆಂಗಸಿನ ಕೈಗೆ ಅಧಿಕಾರ ಕೊಟ್ಟರೆ ಹೀಗೇ." ಗೆಳತಿಯರೆ, ಈ ಮಾತಿಗೆ ಹೆದರಿ ನಾವು ಎಷ್ಟೋ ಸಲ ಇಂದಿರಮ್ಮನ ತಪ್ಪಿಗೆ ಸೆರಗು ಹೊದಿಸಿದ್ದೇವೆ. ಹೊದಿಸಬೇಕಾಗಿಲ್ಲ. ಜಗತ್ತಿನಲ್ಲಿ ಜನರ ಬಾಯಿಗೆ ಬೀಗ ಹಾಕಿದ ಗಂಡಸು ದೊರೆಗಳ ಪಟ್ಟಿ ಮಾಡಿದರೆ ನಮ್ಮ ನಡಾವಳಿ ಪುಸ್ತಕದ ಹಾಳೆ ಸಾಲದು. ಅವರನ್ನು ಕಂಡು ಯಾರೂ "ಗಂಡಸಿನ ಕೈಗೆ ಕೊಟ್ಟರೆ ಹೀಗೇ" ಎನ್ನಲಿಲ್ಲ. ತಪ್ಪು ಮಾಡಿದ್ದು ಹೆಣ್ಣುತನವಲ್ಲ, ಕೇಳುವವರಿಲ್ಲದ ಅಧಿಕಾರ. ಹೆಣ್ಣೆಂದು ಅವರನ್ನು ಬಿಟ್ಟುಬಿಡುವುದೂ ಬೇಡ, ಹೆಣ್ಣೆಂದು ಅವರನ್ನು ಹೆಚ್ಚು ಹಳಿಯುವುದೂ ಬೇಡ. ನಾಳೆ ನಮ್ಮ ಸಂಘದವಳು ಗ್ರಾಮ ಪಂಚಾಯ್ತಿ ಅಧ್ಯಕ್ಷೆಯಾದರೆ ಅವಳ ಲೆಕ್ಕವನ್ನೂ ಹೀಗೇ ಕೇಳಬೇಕು.

ಐದನೆಯ ಮಾತು ಬುದ್ಧಿವಂತರದು: "ವರದಕ್ಷಿಣೆ ಹಿಂಸೆಯ ಕಾನೂನು ಕೊಟ್ಟದ್ದೇ ಆ ತಾಯಿ. ನೀವು ಹೆಂಗಸರು ಋಣ ಮರೆಯಬಾರದು." ಇದಕ್ಕೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದು ನಮ್ಮ ಚಳವಳಿಯ ಚರಿತ್ರೆ.

1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೆ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾಯಿತು. ಸುಪ್ರೀಂ ಕೋರ್ಟು ಪೊಲೀಸರನ್ನು ಬಿಡುಗಡೆ ಮಾಡಿತು. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಆ ತೀರ್ಪನ್ನು ಖಂಡಿಸಿ ಬಹಿರಂಗ ಪತ್ರ ಬರೆದರು. 1980ರಲ್ಲಿ ಊರೂರಿನಲ್ಲಿ ಹೆಂಗಸರು ಬೀದಿಗಿಳಿದರು. ಅದೇ ಹೊತ್ತಿಗೆ ದೆಹಲಿಯಲ್ಲಿ, ಸೊಸೆ ಸುಟ್ಟು ಸತ್ತ ಮನೆಗಳ ಮುಂದೆ ಹೆಂಗಸರ ಗುಂಪು ನಿಂತು ಇದು ಸ್ಟೌವಿನ ಅಪಘಾತವಲ್ಲ, ಕೊಲೆ ಎಂದು ಕೂಗಿತು. 1979ರಲ್ಲಿ ಮಗಳನ್ನು ಕಳೆದುಕೊಂಡ ಸತ್ಯರಾಣಿ ಚಡ್ಢಾ ಕೋರ್ಟಿನ ಮೆಟ್ಟಿಲು ಹತ್ತಿದರು, ಮೂರು ದಶಕ ಇಳಿಯಲಿಲ್ಲ. ನಮ್ಮ ಬೆಂಗಳೂರಿನಲ್ಲಿ 1979ರಲ್ಲೇ ವಿಮೋಚನಾ ಸಂಘಟನೆ ಹುಟ್ಟಿತು. 1983ರ ಕಾನೂನುಗಳು ಈ ಕೂಗಿನಿಂದ ಹುಟ್ಟಿದವು. ಸಹಿ ಇಂದಿರಾ ಗಾಂಧಿಯವರ ಸರ್ಕಾರದ್ದು, ಬೆವರು ಹೆಂಗಸರದು.

ಈಗ ವರ್ಷಗಳನ್ನು ಗಮನಿಸಿ: 1979, 1980. ಈ ಮೆರವಣಿಗೆಗಳು 1976ರಲ್ಲಿ ಯಾಕೆ ಆಗಲಿಲ್ಲ? ಆಗ ಸೊಸೆಯಂದಿರು ಸುಟ್ಟು ಸಾಯುತ್ತಿರಲಿಲ್ಲವೇ? ಸಾಯುತ್ತಿದ್ದರು. ಆದರೆ ಮೆರವಣಿಗೆ ಹೊರಟವರು ಜೈಲಿಗೆ ಹೋಗುತ್ತಿದ್ದರು, ಪತ್ರಿಕೆ ಅಚ್ಚು ಹಾಕಿದರೆ ಸೆನ್ಸಾರಿನವನು ಕತ್ತರಿ ಹಾಕುತ್ತಿದ್ದ. ಮಹಿಳಾ ಸ್ಥಾನಮಾನ ಸಮಿತಿಯ ವರದಿ ಸರ್ಕಾರದ ಕೈಸೇರಿ ಆರು ತಿಂಗಳಾಗುವಷ್ಟರಲ್ಲಿ ತುರ್ತು ಪರಿಸ್ಥಿತಿ ಬಂತು. ದೇಶವೆಲ್ಲ ಅದನ್ನು ಓದಿ ಜಗಳವಾಡಬೇಕಾದ ಹೊತ್ತಿಗೆ ಜಗಳವಾಡುವುದೇ ಅಪರಾಧವಾಗಿತ್ತು. ಒಳ್ಳೆಯ ಕಾನೂನುಗಳೆಲ್ಲ ಕೂಗುವ ಹಕ್ಕಿನ ಮಕ್ಕಳು. ಆ ತಾಯಿಯ ಕತ್ತು ಹಿಸುಕಿದವರ ಮೇಲೆ ಮಕ್ಕಳ ಋಣವನ್ನು ಹೊರಿಸಿದರೆ ಹೇಗೆ ಒಪ್ಪುವುದು?

ಹಾಗಾದರೆ ಇಂದಿರಾ ಗಾಂಧಿ ಒಳ್ಳೆಯವರೋ ಕೆಟ್ಟವರೋ ಎಂದು ಕೇಳಬೇಡಿ. ಅದು ತಕ್ಕಡಿ ಹಿಡಿದವರ ಪ್ರಶ್ನೆ. ನಮ್ಮ ಪ್ರಶ್ನೆಗಳು ನಾಲ್ಕು. ಏನು ಕೊಟ್ಟರು? ಏನು ಕಿತ್ತುಕೊಂಡರು? ಕಿತ್ತುಕೊಂಡದ್ದು ಯಾರಿಂದ, ಅವರಿಗೆ ಅದು ಹಿಂದಿರುಗಿ ಬಂತೇ? ಮತ್ತೆ ಯಾರೂ ಹಾಗೆ ಕಿತ್ತುಕೊಳ್ಳದಂತೆ ಏನು ಬೇಲಿ ಹಾಕಿದ್ದೇವೆ? 1978ರ 44ನೇ ತಿದ್ದುಪಡಿಯಿಂದ ಒಂದು ಬೇಲಿ ಬಿತ್ತು. ಬರೀ ಒಳಗಿನ ಗಲಭೆ ಎಂದು ನೆಪ ಹೇಳಿ ತುರ್ತು ಪರಿಸ್ಥಿತಿ ಹೇರುವ ಹಾಗಿಲ್ಲ, ಜೀವದ ಹಕ್ಕನ್ನು ಅಮಾನತಿನಲ್ಲಿಡುವ ಹಾಗಿಲ್ಲ. ಇದು ಸತ್ತವರನ್ನು ಬೈದು ಸಿಕ್ಕಿದ್ದಲ್ಲ, ತಪ್ಪನ್ನು ಹೆಸರಿಟ್ಟು ಬರೆದುಕೊಂಡದ್ದರಿಂದ ಸಿಕ್ಕಿದ್ದು. ಹಾಗೆಯೇ, ಜೂನ್ 25ಕ್ಕೆ ಸಂವಿಧಾನದ ಹೆಸರಿನಲ್ಲಿ ಕಣ್ಣೀರು ಹಾಕುವವರನ್ನೂ ಕೇಳೋಣ: ಇವತ್ತು ವಿಚಾರಣೆಯಿಲ್ಲದೆ ಒಳಗಿರುವವರ ಲೆಕ್ಕವೇನು? ಅಂದಿನ ತಪ್ಪನ್ನು ಇಂದಿನ ತಪ್ಪಿಗೆ ಸೆರಗು ಮಾಡಿಕೊಳ್ಳಲು ಯಾರಿಗೂ ಬಿಡಬಾರದು.

ಈ ನಾಲ್ಕು ಪ್ರಶ್ನೆಗಳನ್ನು ಮನೆಗೂ ತನ್ನಿ. ಅದೇ 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ದೇಶದಲ್ಲೇ ಅತಿ ಹೆಚ್ಚು. ಈ 44 ಮನೆಗಳ ಗಂಡಸರೆಲ್ಲ ರಾಕ್ಷಸರಲ್ಲ. ಸಂತೆಯಿಂದ ಮಕ್ಕಳಿಗೆ ಮಂಡಕ್ಕಿ ತರುವವರಿದ್ದಾರೆ, ತಾಯಿಯ ಔಷಧಿಗೆ ದುಡಿಯುವವರಿದ್ದಾರೆ, ಊರ ಜಾತ್ರೆಗೆ ಮುಂದೆ ನಿಲ್ಲುವವರಿದ್ದಾರೆ. ಅದೆಲ್ಲ ನಿಜ, ಅದನ್ನು ಸೇವೆಯ ಪುಸ್ತಕದಲ್ಲಿ ಬರೆಯಿರಿ. ಏಟನ್ನು ಇನ್ನೊಂದರಲ್ಲಿ ಬರೆಯಿರಿ. ತಾರೀಖು ಹಾಕಿ ಬರೆಯಿರಿ. ಎಲ್ಲಿ ಹೊಡೆದ, ಯಾಕೆ ಹೊಡೆದ, ಎಷ್ಟು ದುಡ್ಡು ತಾ ಎಂದ, ಯಾರು ನೋಡಿದರು, ಆಸ್ಪತ್ರೆಯ ಚೀಟಿ ಎಲ್ಲಿದೆ. ಬರೆದದ್ದು ನಾಳೆ 2005ರ ಕೌಟುಂಬಿಕ ಹಿಂಸೆ ಕಾಯಿದೆಯಡಿ ರಕ್ಷಣಾಧಿಕಾರಿಯ ಮುಂದೆ ಸಾಕ್ಷಿಯಾಗುತ್ತದೆ. ಬರೆಯದೆ ಬಿಟ್ಟದ್ದು "ಒಳ್ಳೆ ಮನುಷ್ಯ ಕಣಮ್ಮ" ಎನ್ನುವ ಮಾತಿನ ಕೆಳಗೆ ಮುಚ್ಚಿಹೋಗುತ್ತದೆ.

ಸತ್ತವರ ಫೋಟೋಗೆ ಹಾರ ಹಾಕುವವರು ಹಾಕಲಿ, ಕಲ್ಲು ಹೊಡೆಯುವವರು ಹೊಡೆಯಲಿ. ನಾವು ಎರಡನ್ನೂ ಮಾಡುವುದು ಬೇಡ. ಮುಂದಿನ ವಾರದ ಸಭೆಯಲ್ಲಿ ಉಳಿತಾಯ, ಸಾಲ, ಮರುಪಾವತಿ ಎಲ್ಲ ಬರೆದಾದ ಮೇಲೆ ಇನ್ನೊಂದು ಪುಸ್ತಕ ತೆರೆಯಿರಿ. ಅದಕ್ಕೆ ಹೆಸರು ಬೇಕಿಲ್ಲ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಿ. ಯಾರ ಮನೆಯಲ್ಲಿ ಏನಾಯಿತು ಎಂದು ಹೇಳಬೇಕೆನ್ನುವವಳು ಹೇಳಲಿ, ಅಕ್ಷರ ಬಲ್ಲವಳು ಬರೆಯಲಿ. ಕ್ಷಮಿಸಬೇಕೋ ಬಿಡಬೇಕೋ ಎನ್ನುವುದನ್ನು ಏಟು ತಿಂದವಳೇ ನಿರ್ಧರಿಸಲಿ. ಅವಳು ಬಾಯಿ ಬಿಡುವವರೆಗೆ ನಾವು ಯಾರೂ ಕಾಫಿ ಕುಡಿದು ಏಳುವುದು ಬೇಡ.